ನಮ್ಮ ಸ್ಥಳೀಯ ಪತ್ರಿಕೆಗಳು: ಓದುಗರ ಮಾತು, ಓದುಗರ ಹೊಣೆ



ನಮ್ಮ ಹಳೇಕೋಟೆ ಭಾಗದ ಬೆಳೆಗಾರರ ಮನೆಗೆ ಬರುವ ಪತ್ರಿಕೆಗಳಲ್ಲಿ ಮೂರು ಬಗೆ ಇವೆ. ಬೆಂಗಳೂರು, ಮೈಸೂರುಗಳಿಂದ ಅಚ್ಚಾಗಿ ಬರುವ ದೊಡ್ಡ ದಿನಪತ್ರಿಕೆಗಳು ಒಂದು ಬಗೆ. ಜನತಾ ಮಾಧ್ಯಮ, ಜನಮಿತ್ರದಂಥ, ಹಾಸನದ ಓದುಗರಿಗೆ ಪರಿಚಿತವಾದ ಜಿಲ್ಲಾ ಪತ್ರಿಕೆಗಳು ಎರಡನೆಯದು. ಬೆಳೆಗಾರರ ಸಂಘ, ಟ್ರಸ್ಟು, ಸಹಕಾರಿಗಳು ಹೊರತರುವ ಮಾಸಿಕಗಳು ಮೂರನೆಯದು. ಮೊದಲನೆಯ ಬಗೆಯ ಬಗ್ಗೆ ಹೆಚ್ಚು ಹೇಳಬೇಕಾದ ಅಗತ್ಯವಿಲ್ಲ. ಉಳಿದ ಎರಡರ ಬಗ್ಗೆ ಓದುಗರಲ್ಲಿ ಬಗೆಬಗೆಯ ಅಭಿಪ್ರಾಯಗಳಿವೆ. ಅವುಗಳಲ್ಲಿ ಎಷ್ಟು ಹುರುಳಿದೆ, ಇಂಥ ಪತ್ರಿಕೆ ನಿಂತುಹೋದರೆ ಬೆಳೆಗಾರನಿಗೆ ಆಗುವ ನಷ್ಟವೇನು ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ.

ಓದುಗರು ಏನೆನ್ನುತ್ತಾರೆ?

ಸೊಸೈಟಿಯ ಜಗಲಿಯಲ್ಲಾಗಲಿ, ಹೋಟೆಲಿನ ಬೆಂಚಿನ ಮೇಲಾಗಲಿ ಸಾಮಾನ್ಯವಾಗಿ ಕೇಳಿಬರುವ ಮಾತುಗಳು ನಾಲ್ಕು.

1. "ಅದರಲ್ಲಿ ಓದಲು ಏನಿದೆ? ಅರ್ಧ ಪುಟ ಹುಟ್ಟುಹಬ್ಬದ ಶುಭಾಶಯ, ಇನ್ನರ್ಧ ಟೆಂಡರ್ ಪ್ರಕಟಣೆ."

2. "ಅದು ಇಂಥವರ ಪತ್ರಿಕೆ, ಅವರ ವಿರುದ್ಧ ಒಂದಕ್ಷರವೂ ಬರುವುದಿಲ್ಲ."

3. "ಏನೇ ಆಗಲಿ, ನಮ್ಮೂರ ನಾಲೆಯ ನೀರು, ಆಸ್ಪತ್ರೆಗೆ ವೈದ್ಯರಿಲ್ಲದ ವಿಷಯ, ಕಾಡಾನೆ ತೋಟಕ್ಕೆ ಇಳಿದ ಸುದ್ದಿ ಬರುವುದು ಅದರಲ್ಲೇ."

4. "ಎಲ್ಲವೂ ವಾಟ್ಸಾಪಿನಲ್ಲಿ ಬರುವಾಗ ದುಡ್ಡು ಕೊಟ್ಟು ಪತ್ರಿಕೆ ಏಕೆ?"

ಮೊದಲ ಎರಡು ದೂರುಗಳನ್ನು ಸುಳ್ಳೆಂದು ತಳ್ಳಿಹಾಕುವಂತಿಲ್ಲ. ಆದರೆ ಹಾಗೇಕಾಗುತ್ತದೆ ಎಂಬುದನ್ನು ತಿಳಿಯದೆ ದೂರುವುದರಿಂದ ಪ್ರಯೋಜನವಿಲ್ಲ. ತೋಟದ ಸೋಗೆ ಹಳದಿಯಾದರೆ ಎಲೆಯನ್ನು ಬೈದು ಸುಮ್ಮನಾಗುವವರು ಉಂಟೇ? ಬುಡ ನೋಡುತ್ತೇವೆ, ಬೇರು ನೋಡುತ್ತೇವೆ. ಪತ್ರಿಕೆಯ ವಿಷಯದಲ್ಲೂ ಹಾಗೆಯೇ ನೋಡಬೇಕು.

ಪತ್ರಿಕೆಯ ಬುಡ ಎಲ್ಲಿದೆ?

ಕಾಗದ, ಅಚ್ಚು, ಸಿಬ್ಬಂದಿಯ ಸಂಬಳ, ಸಾಗಣೆ, ಏಜೆಂಟರ ಕಮಿಷನ್ ಇವಿಷ್ಟೂ ಸೇರಿದರೆ ಒಂದು ಪ್ರತಿಗೆ ತಗಲುವ ಖರ್ಚು ನಾವು ಕೊಡುವ ಬೆಲೆಗಿಂತ ಸಾಮಾನ್ಯವಾಗಿ ಹೆಚ್ಚು. ಕೊರತೆಯನ್ನು ತುಂಬುವುದು ಜಾಹೀರಾತು. ದೊಡ್ಡ ಪತ್ರಿಕೆಗೆ ದೊಡ್ಡ ಕಂಪನಿಗಳ ಜಾಹೀರಾತು ಸಿಗುತ್ತದೆ. ತಾಲ್ಲೂಕು, ಜಿಲ್ಲಾ ಮಟ್ಟದ ಪತ್ರಿಕೆಗೆ ಸಿಗುವುದು ವಾರ್ತಾ ಇಲಾಖೆಯ ಮಾಧ್ಯಮ ಪಟ್ಟಿಯಲ್ಲಿದ್ದರೆ ಬರುವ ಸರ್ಕಾರಿ ಪ್ರಕಟಣೆಗಳು, ಊರಿನ ಅಂಗಡಿ ಶಾಲೆಗಳ ಜಾಹೀರಾತು ಮತ್ತು ರಾಜಕಾರಣಿಗಳ ಅಭಿಮಾನಿಗಳು ಕೊಡುವ ಶುಭಾಶಯಗಳು. ಹೀಗೆ ಹಣ ಕೊಡುವವರು ಮೂರೇ ಮಂದಿ ಆದಾಗ ಆ ಮೂವರ ಬಗ್ಗೆ ಖಾರವಾಗಿ ಬರೆಯುವುದು ಸಂಪಾದಕನಿಗೆ ಕಷ್ಟವಾಗುತ್ತದೆ. ಆದ್ದರಿಂದ ಓದುಗರ ಚಂದಾ ಎಷ್ಟು ಬಲವಾಗಿರುತ್ತದೋ ಪತ್ರಿಕೆಯ ನಾಲಿಗೆಯೂ ಅಷ್ಟೇ ಸಡಿಲವಾಗಿರುತ್ತದೆ.

ಕನ್ನಡ ನಾಡಿನ ಕೆಲವು ಪ್ರಯೋಗಗಳು

ಕನ್ನಡದ ಮೊದಲ ಪತ್ರಿಕೆಯೆಂದು ಗಣಿಸಲಾಗುವ ಮಂಗಳೂರು ಸಮಾಚಾರವನ್ನು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರತಂದರು. ಜುಲೈ 1ನ್ನು ಪತ್ರಿಕಾ ದಿನವೆಂದು ಆಚರಿಸುವುದು ಇದರ ನೆನಪಿಗಾಗಿಯೇ. ಅಂದರೆ ಕನ್ನಡ ಪತ್ರಿಕೆ ಹುಟ್ಟಿದ್ದೇ ಒಂದು ಊರಿನ ಹೆಸರು ಹೊತ್ತು.

ಕಾಫಿ ನಾಡಾದ ಕೊಡಗಿನಲ್ಲಿ 1957ರಲ್ಲಿ ಬಿ.ಎಸ್. ಗೋಪಾಲಕೃಷ್ಣ ಅವರು ಮಡಿಕೇರಿಯಿಂದ ಆರಂಭಿಸಿದ ಶಕ್ತಿ ದಿನಪತ್ರಿಕೆ ಒಂದೇ ಜಿಲ್ಲೆಯನ್ನು ನೆಚ್ಚಿಕೊಂಡು ಬೇರೂರಿತು. ಸಣ್ಣ ಜಿಲ್ಲೆಯ ಓದುಗರೂ ಮನಸ್ಸು ಮಾಡಿದರೆ ಒಂದು ದಿನಪತ್ರಿಕೆಯನ್ನು ದಶಕಗಟ್ಟಲೆ ಸಾಕಬಲ್ಲರು ಎಂಬುದಕ್ಕೆ ಇದು ಸಾಕ್ಷಿ.

ಪಿ. ಲಂಕೇಶ್ ಅವರು 1980ರಲ್ಲಿ ತೆಗೆದ ಲಂಕೇಶ್ ಪತ್ರಿಕೆ ಜಾಹೀರಾತನ್ನೇ ತೆಗೆದುಕೊಳ್ಳದೆ ಓದುಗರು ಕೊಟ್ಟ ಹಣದಿಂದಲೇ ನಡೆಯಿತು. ಅದರ ಭಾಷೆಯನ್ನು ಒಪ್ಪಿದವರಿದ್ದರು, ಒಪ್ಪದವರೂ ಇದ್ದರು. ಆದರೆ ಅಧಿಕಾರದಲ್ಲಿದ್ದವರಿಗೆ ಅದು ಅಂಜಬೇಕಾಗಿರಲಿಲ್ಲ ಎಂಬುದನ್ನು ಎಲ್ಲರೂ ಒಪ್ಪಿದ್ದರು.

1984ರಲ್ಲಿ ವಡ್ಡರ್ಸೆ ರಘುರಾಮ ಶೆಟ್ಟಿ ಅವರು ಮಂಗಳೂರಿನಲ್ಲಿ ಆರಂಭಿಸಿದ ಮುಂಗಾರು ದಿನಪತ್ರಿಕೆಯ ಕಥೆ ಸಹಕಾರಿಗಳಾದ ನಾವು ವಿಶೇಷವಾಗಿ ಗಮನಿಸತಕ್ಕದ್ದು. ಧಣಿಗಳ ಬಂಡವಾಳ ಬೇಡವೆಂದು ಜನಸಾಮಾನ್ಯರಿಂದ ಷೇರು ಹಣ ಕೂಡಿಸಿ ಕಟ್ಟಿದ ಪತ್ರಿಕೆ ಅದು. ಅನೇಕ ಒಳ್ಳೆಯ ಪತ್ರಕರ್ತರು ಅಲ್ಲಿ ತಯಾರಾದರು. ಆದರೂ ಆರ್ಥಿಕ ಸಂಕಷ್ಟ ಬಿಡಲಿಲ್ಲ; ಕೆಲವು ವರ್ಷಗಳ ಬಳಿಕ ಪತ್ರಿಕೆ ನಿಂತುಹೋಯಿತು. ಷೇರು ಹಣ ಪತ್ರಿಕೆಯನ್ನು ಹುಟ್ಟಿಸಬಲ್ಲದು; ಪ್ರತಿದಿನದ ಖರ್ಚನ್ನು ಅದು ಹೊರಲಾರದು. ನಮ್ಮ ಸಂಘಕ್ಕೂ ಇದೇ ಮಾತು ಸಲ್ಲುತ್ತದೆ. ಷೇರು ಕಟ್ಟಿ ಮಾಲನ್ನು ಬೇರೆ ಕಡೆ ಮಾರುವ ಸದಸ್ಯರಿಂದ ಸಂಘ ಉಳಿಯುವುದಿಲ್ಲ.

ಅಡಿಕೆ ಪತ್ರಿಕೆಯ ಪಾಠ

ಬೆಳೆಗಾರರದೇ ಆದ ಪತ್ರಿಕೆಗೆ ನಮಗೆ ಹತ್ತಿರದ ಉದಾಹರಣೆ ಪುತ್ತೂರಿನ ಅಡಿಕೆ ಪತ್ರಿಕೆ. ಅಖಿಲ ಭಾರತ ಅಡಿಕೆ ಬೆಳೆಗಾರರ ಸಂಘದ ಆಶ್ರಯದಲ್ಲಿ 1988ರಲ್ಲಿ ಆರಂಭವಾದ ಈ ಮಾಸಿಕವನ್ನು ಮುಂದೆ ಫಾರ್ಮರ್ ಫಸ್ಟ್ ಟ್ರಸ್ಟ್ ನಡೆಸಿಕೊಂಡು ಬಂದಿತು. ಕಾಸರಗೋಡು ಜಿಲ್ಲೆಯ ಕೃಷಿಕ, ಪತ್ರಕರ್ತ ಶ್ರೀ ಪಡ್ರೆ ಅವರ ಹೆಸರು ಇದರೊಂದಿಗೆ ಬೆಸೆದುಕೊಂಡಿದೆ.

ಇದರ ವಿಶೇಷ ಮೂರು. ಒಂದು, ಬರೆಯುವವರಲ್ಲಿ ಕೃಷಿಕರೇ ಮುಖ್ಯರು. ಎರಡು, ಪ್ರಯೋಗ ಮಾಡಿದ ಕೃಷಿಕರನ್ನು ಸಂಪರ್ಕಿಸುವ ಬಗೆಯನ್ನು ಲೇಖನದ ಜೊತೆ ಕೊಡುವುದರಿಂದ, ಅನುಮಾನ ಬಂದ ಓದುಗ ನೇರವಾಗಿ ವಿಚಾರಿಸಬಹುದು. ಬರೆದದ್ದು ಸುಳ್ಳಾದರೆ ನಾಲ್ಕು ದಿನದಲ್ಲಿ ಬಯಲಾಗುತ್ತದೆ. ಮೂರು, ಒಂದು ವಿಷಯವನ್ನು ಹಿಡಿದರೆ ವರ್ಷಗಟ್ಟಲೆ ಬಿಡುವುದಿಲ್ಲ. ಮಳೆನೀರು ಇಂಗಿಸುವಿಕೆ, ಹಲಸಿನ ಮೌಲ್ಯವರ್ಧನೆ ಇವುಗಳ ಬಗ್ಗೆ ಮತ್ತೆ ಮತ್ತೆ ಬರೆದು ಜನರಲ್ಲಿ ಆಸಕ್ತಿ ಹುಟ್ಟಿಸಿತು. 2021ರಲ್ಲಿ ಕೊರೋನಾ ನಿರ್ಬಂಧಗಳಿಂದ ಬಾಳೆಕಾಯಿ ಕೇಳುವವರಿಲ್ಲದಿದ್ದಾಗ ಬಾಳೆಕಾಯಿ ಹುಡಿಯ ಪ್ರಯೋಗ "ಬಾಕಾಹು" ಎಂಬ ಹೆಸರಿನಲ್ಲಿ ಮನೆಮನೆಗೆ ಹರಡಿತು. ಅದರ ಹಿಂದೆಯೂ ಈ ಬಳಗದ ಪ್ರಚಾರವಿತ್ತು.

ತನ್ನ ಅನುಭವ ಬರೆಯುವ, ತಾನೇ ಚಂದಾ ಕಟ್ಟುವ ಓದುಗ ಅಡಿಕೆ ಪತ್ರಿಕೆಗೆ ದೊರೆತ. ಅದು ಉಳಿದುಬಂದುದಕ್ಕೆ ಇದು ಮುಖ್ಯ ಕಾರಣವೆಂದರೆ ತಪ್ಪಾಗಲಾರದು.

ಧಾರಣೆಯ ಅಂಕಣ: ವಾಟ್ಸಾಪ್ ಸಾಲದೇ?

ಈಗ ನಾಲ್ಕನೆಯ ಮಾತಿಗೆ ಬರೋಣ. 1942ರ ಕಾಫಿ ಕಾಯಿದೆಯ ಪ್ರಕಾರ ಬೆಳೆದ ಕಾಫಿಯನ್ನು ಕಾಫಿ ಮಂಡಳಿಯ ಪೂಲಿಗೆ ಒಪ್ಪಿಸಿ, ಹಣವನ್ನು ಕಂತಿನಲ್ಲಿ ಪಡೆಯುತ್ತಿದ್ದ ಕಾಲವೊಂದಿತ್ತು. ಆಗ ಇಂದಿನ ಧಾರಣೆ ಎಷ್ಟೆಂದು ದಿನವೂ ತಿಳಿಯಬೇಕಾದ ಅವಸರ ಬೆಳೆಗಾರನಿಗಿರಲಿಲ್ಲ. 1992ರಿಂದ ಈ ಪದ್ಧತಿ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. ಅಂದಿನಿಂದ ಧಾರಣೆಯ ಸುದ್ದಿಯೇ ಬೆಳೆಗಾರನ ಬಂಡವಾಳ. ಅಡಿಕೆಯಲ್ಲಂತೂ ಇದು ಮೊದಲಿನಿಂದ ಬಂದದ್ದೇ.

ಮೊಬೈಲಿಗೆ ಬರುವ ಧಾರಣೆಯನ್ನು ಕಳಿಸಿದವರು ಯಾರು? ಬಹಳ ವೇಳೆ ಕೊಳ್ಳುವವರೇ. ಮಾಲು ಕೊಳ್ಳುವವನು ಹೇಳಿದ ಬೆಲೆಯನ್ನೇ ಪೇಟೆಯ ಬೆಲೆ ಎಂದು ನಂಬಿ ಕೊಡುವುದು ಜಾಣತನವಲ್ಲ. ಪತ್ರಿಕೆಯಲ್ಲಾಗಲಿ, ಮೊಬೈಲಿನಲ್ಲಾಗಲಿ ಧಾರಣೆ ನೋಡುವಾಗ ಈ ಕೆಳಗಿನ ಅಂಶಗಳನ್ನು ಗಮನಿಸತಕ್ಕದ್ದು.

ಅ) ಯಾವ ದಿನದ, ಯಾವ ಮಾರುಕಟ್ಟೆಯ ಧಾರಣೆ? ಶಿವಮೊಗ್ಗದ ದರ ನಮ್ಮ ಕಣದ ದರವಲ್ಲ. ಸಾಗಣೆ, ಹಮಾಲಿ ಕಳೆಯಬೇಕು.

ಆ) ಯಾವ ದರ್ಜೆ? ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು, ಸರಕು ಒಂದೊಂದಕ್ಕೂ ಒಂದೊಂದು ಬೆಲೆ. "ಅಡಿಕೆಗೆ ಇಷ್ಟು" ಎಂದು ದರ್ಜೆ ಹೇಳದೆ ಬರೆದ ಸುದ್ದಿಯಿಂದ ಉಪಯೋಗವಿಲ್ಲ.

ಇ) ಯಾವ ಅಳತೆ? ಅಡಿಕೆಗೆ ಕ್ವಿಂಟಾಲ್, ಕಾಫಿಗೆ 50 ಕೆ.ಜಿ. ಚೀಲ ಎಂಬುದು ನಮ್ಮ ಕಡೆಯ ರೂಢಿ.

ಈ) ಗರಿಷ್ಠ ದರವೋ, ಹೆಚ್ಚು ಮಾಲು ಮಾರಾಟವಾದ ದರವೋ? ಒಂದೆರಡು ಚೀಲಕ್ಕೆ ಸಿಕ್ಕ ಗರಿಷ್ಠ ದರವನ್ನೇ ದಪ್ಪಕ್ಷರದಲ್ಲಿ ಹಾಕಿದರೆ ಬೆಳೆಗಾರ ಮಾಲು ಹಿಡಿದಿಟ್ಟು ಕೈಸುಟ್ಟುಕೊಳ್ಳುತ್ತಾನೆ.

ಉ) ಕಾಫಿ ಚೆರ್ರಿಯಾದರೆ ಔಟ್‌ಟರ್ನ್ ಎಷ್ಟು? 50 ಕೆ.ಜಿ. ಚೆರ್ರಿಯಿಂದ ದೊರೆಯುವ ಶುದ್ಧ ಬೀಜದ ಲೆಕ್ಕವೇ ಇದು. ಒಂದು ಔಟ್‌ಟರ್ನಿಗೆ 300 ರೂ. ಎಂದು ಇಟ್ಟುಕೊಂಡರೆ 26ರ ಚೀಲಕ್ಕೆ 7,800 ರೂ., 28ರ ಚೀಲಕ್ಕೆ 8,400 ರೂ. ಆಗುತ್ತದೆ. ಚೀಲವೊಂದಕ್ಕೆ 600 ರೂ. ವ್ಯತ್ಯಾಸ!

ಇಷ್ಟು ವಿವರ ಕೊಡುವ ಪತ್ರಿಕೆ ತನ್ನ ಬೆಲೆಯನ್ನು ಒಂದೇ ದಿನದಲ್ಲಿ ತೀರಿಸುತ್ತದೆ. ಕೊಡದಿದ್ದರೆ ಕೇಳುವ ಹಕ್ಕು ಓದುಗನಿಗಿದೆ. ಇನ್ನೊಂದು ವ್ಯತ್ಯಾಸವೂ ಉಂಟು. ಪತ್ರಿಕೆಯ ಪ್ರತಿಯಲ್ಲಿ ಮುದ್ರಕ, ಪ್ರಕಾಶಕ, ಸಂಪಾದಕರ ಹೆಸರು ಅಚ್ಚಾಗಿರಬೇಕೆಂಬ ನಿಯಮ 1867ರ ಕಾನೂನಿನ ಕಾಲದಿಂದ ಬಂದದ್ದು. ಆ ಕಾನೂನಿನ ಜಾಗದಲ್ಲಿ 2023ರ ಹೊಸ ಕಾಯಿದೆ 2024ರ ಮಾರ್ಚ್ 1ರಿಂದ ಜಾರಿಗೆ ಬಂದಿದೆ. ಪತ್ರಿಕೆಯಲ್ಲಿ ತಪ್ಪು ಬಂದರೆ ಹೋಗಿ ಕೇಳಲು ಒಬ್ಬ ವ್ಯಕ್ತಿ ಇರುತ್ತಾನೆ. ಹತ್ತು ಕೈ ದಾಟಿ ಬಂದ ಸಂದೇಶಕ್ಕೆ ಯಾರನ್ನು ಕೇಳುವುದು?

ತಪ್ಪು ಸುದ್ದಿ ಬಂದಾಗ

ಸುಳ್ಳು ಅಥವಾ ಏಕಪಕ್ಷೀಯ ಸುದ್ದಿ ಬಂದಾಗ ಹೋಟೆಲಿನಲ್ಲಿ ಕೂಗಾಡುವುದಕ್ಕಿಂತ ಕ್ರಮವರಿತು ನಡೆಯುವುದು ಲೇಸು. ಮೊದಲು ಸಂಪಾದಕರಿಗೆ ಬರಹದಲ್ಲಿ ತಿಳಿಸಿ, ತಿದ್ದುಪಡಿ ಕೇಳಬೇಕು. ಪತ್ರದ ನಕಲನ್ನೂ ಪತ್ರಿಕೆಯ ತುಣುಕನ್ನೂ ಇಟ್ಟುಕೊಳ್ಳಬೇಕು. ಸರಿಯಾದ ಉತ್ತರ ಬಾರದಿದ್ದರೆ ಭಾರತೀಯ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು. 1966ರಲ್ಲಿ ಮೊದಲು ಸ್ಥಾಪನೆಯಾಗಿ, 1978ರ ಕಾಯಿದೆಯಂತೆ ಮತ್ತೆ ರಚಿತವಾದ ಸಂಸ್ಥೆ ಇದು. ದಿನಪತ್ರಿಕೆ, ವಾರಪತ್ರಿಕೆಗಳಾದರೆ ಪ್ರಕಟವಾದ 2 ತಿಂಗಳೊಳಗೆ, ಉಳಿದವಕ್ಕೆ 4 ತಿಂಗಳೊಳಗೆ ದೂರು ತಲುಪಬೇಕು. ಮಂಡಳಿಗೆ ದಂಡ ಹಾಕುವ ಅಧಿಕಾರವಿಲ್ಲ, ಎಚ್ಚರಿಸಬಹುದು, ಖಂಡಿಸಬಹುದು. ಆದರೂ ಮಾನವಂತ ಸಂಪಾದಕನಿಗೆ ಅದು ಸಣ್ಣ ಶಿಕ್ಷೆಯೇನಲ್ಲ.

ಸದಸ್ಯರು ಮಾಡಬಹುದಾದದ್ದು

ಒಂದು ಮನೆಗೆ ಬಂದ ಪತ್ರಿಕೆಯನ್ನು ಹತ್ತು ಮನೆಯವರು ಓದುವುದು ನಮ್ಮಲ್ಲಿ ಹಳೆಯ ವಾಡಿಕೆ. ಓದು ಹರಡುವುದು ಸಂತೋಷವೇ. ಆದರೆ ಹತ್ತರಲ್ಲಿ ಮೂರು ಮನೆಯವರಾದರೂ ಚಂದಾ ಕಟ್ಟಿದರೆ ಪತ್ರಿಕೆಗೆ ಉಸಿರು. ಓದಿ ಮೆಚ್ಚಿದ್ದನ್ನೂ ಮೆಚ್ಚದಿದ್ದನ್ನೂ ನಾಲ್ಕು ಸಾಲಿನ ಪತ್ರದಲ್ಲಿ ಬರೆಯಿರಿ. ನಿಮ್ಮ ತೋಟದಲ್ಲಿ ಎಲೆಚುಕ್ಕಿ ರೋಗ ಕಂಡಿತೇ, ಬೋರ್ಡೋ ಸಿಂಪಡಣೆಯಿಂದ ಗುಣ ಕಂಡಿತೇ ಇಲ್ಲವೇ, ಕೊಯ್ಲಿಗೆ ಆಳು ಸಿಗದೆ ಏನು ಉಪಾಯ ಮಾಡಿದಿರಿ ಎಂಬುದನ್ನು ತಿಳಿಸಿರಿ. ಭಾಷೆಯ ಸೊಗಸು ಬೇಡ. ದಿನಾಂಕ, ಪ್ರಮಾಣ, ಖರ್ಚು, ಫಲ ಇವಿಷ್ಟು ಇದ್ದರೆ ಸಾಕು.

ಹಾಸನದ ಪೇಟೆಯಲ್ಲಿ ಒಂದು ಸ್ಥಳೀಯ ಪತ್ರಿಕೆ ನಿಂತರೆ ಮರುದಿನ ಯಾರಿಗೂ ಗೊತ್ತಾಗಲಿಕ್ಕಿಲ್ಲ. ನಾಲೆಗೆ ನೀರು ಬಿಡದಿದ್ದಾಗ, ತೂಕದಲ್ಲಿ ಮೋಸವಾದಾಗ, ಬೆಳೆ ವಿಮೆಯ ಹಣ ಬಾರದಿದ್ದಾಗ ಬರೆಯುವವರು ಯಾರೂ ಇಲ್ಲವೆಂದು ತಿಳಿಯುತ್ತದೆ. ಆ ಹೊತ್ತಿನಲ್ಲಿ ಹೊಸ ಪತ್ರಿಕೆ ಕಟ್ಟಲು ಹೊರಡುವುದಕ್ಕಿಂತ ಇರುವುದನ್ನು ತಿದ್ದಿ ಉಳಿಸಿಕೊಳ್ಳುವುದು ಅಗ್ಗ. ನಮ್ಮ ಈ ಸಣ್ಣ ವಾರ್ತಾಪತ್ರಕ್ಕೂ ಇದೇ ಮಾತು ಅನ್ವಯಿಸುತ್ತದೆ. ಸದಸ್ಯರ ಪತ್ರಗಳನ್ನು, ಟೀಕೆಯಾದರೂ ಸರಿ, ಸಂಘದ ಕಚೇರಿಯಲ್ಲಿ ಸಂತೋಷದಿಂದ ಸ್ವೀಕರಿಸಲಾಗುವುದು.