‘ಬೀರು’ ಎಂಬ ಮಾತು

ಮನೆಯೊಳಗಿನ ಸಾಮಾನುಗಳ ಹೆಸರುಗಳನ್ನು ನಿಂತು ವಿಚಾರಿಸಿದರೆ, ಅವುಗಳಲ್ಲಿ ಎಷ್ಟೋ ಹೆಸರುಗಳು ದೂರದ ದೇಶಗಳಿಂದ ಬಂದು ನಮ್ಮಲ್ಲಿ ನೆಲೆಯೂರಿದವೆಂಬುದು ತಿಳಿದುಬರುತ್ತದೆ. ಕುರ್ಚಿ ಅರಬ್ಬೀ ಮೂಲದ್ದು, ಮೇಜು ಪಾರಸಿಯದು, ಚಾವಿ ಪೋರ್ಚುಗೀಸರದು. ಈ ಸಾಲಿಗೆ ಸೇರಿದ ಇನ್ನೊಂದು ಮಾತು ‘ಬೀರು’. ಸೀರೆ, ಪಂಚೆ, ಒಡವೆ, ಕಾಗದಪತ್ರಗಳನ್ನಿಟ್ಟು ಬೀಗ ಹಾಕುವ, ಆಳೆತ್ತರದ, ಎರಡು ಬಾಗಿಲಿನ ಕಪಾಟಿಗೆ ಮೈಸೂರು ಸೀಮೆಯಲ್ಲಿ ಈ ಹೆಸರು. ಇದು ಇಂಗ್ಲಿಷಿನ ‘ಬ್ಯೂರೋ’ ಶಬ್ದ. ಅದರ ಅರ್ಥವನ್ನೂ ಪ್ರಯೋಗವನ್ನೂ ನಾನು ತಿಳಿದುಕೊಂಡಷ್ಟು ಮಟ್ಟಿಗೆ ವಾಚಕರ ಮುಂದಿಡುತ್ತೇನೆ.

ಈ ವಿಚಾರಕ್ಕೆ ನಾನು ಕೈಹಾಕಿದ್ದಕ್ಕೆ ಒಂದು ಕಾರಣವುಂಟು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ತಂದೆಯವರು ಸಹಿ ಮಾಡುವಷ್ಟು ಓದಿದವರು. ತಾಯಿಗೆ ಅಕ್ಷರ ಬಾರದು. ಆದರೂ ‘ಬೀರು’ ಎಂಬ ಮಾತು ಅವರಿಬ್ಬರ ಬಾಯಲ್ಲಿ ಒರಳು, ಒನಕೆಗಳಷ್ಟೇ ಸಲೀಸು. ಒಮ್ಮೆ ಹಾಸ್ಟೆಲಿನಲ್ಲಿ ನಾನು ಈ ಮಾತನ್ನಾಡಿದಾಗ ಪಟ್ಟಣದ ಸಹಪಾಠಿಯೊಬ್ಬರು ನಕ್ಕು, “ಅದು ಓದು ಬಾರದವರು ಕೆಡಿಸಿದ ಇಂಗ್ಲಿಷು, ವಾರ್ಡ್‌ರೋಬ್ ಎನ್ನಬೇಕು” ಎಂದರು. ನಗೆ ನನ್ನೊಬ್ಬನಿಗೆ ತಾಕಿದ್ದರೆ ಸುಮ್ಮನಿರುತ್ತಿದ್ದೆ. ಆದರೆ ಆ ಮಾತು ನನ್ನ ತಾಯಿಯದು. ಆದುದರಿಂದ ಗ್ರಂಥಾಲಯದ ನಿಘಂಟುಗಳನ್ನು ತೆರೆದೆ.

‘ಬ್ಯೂರೋ’ ಹುಟ್ಟಿನಿಂದ ಇಂಗ್ಲಿಷು ಮಾತೂ ಅಲ್ಲ. ಅದು ಫ್ರೆಂಚ್ ಭಾಷೆಯದು. ಅಲ್ಲಿಯೂ ಮೊದಲಿಗೆ ಅದು ಮರದ ಸಾಮಾನಿನ ಹೆಸರಾಗಿರಲಿಲ್ಲ. ನಮ್ಮ ಕಂಬಳಿಯಂತಹ ಒರಟು ಉಣ್ಣೆಯ ಬಟ್ಟೆಯೊಂದಕ್ಕೆ ಆ ಹೆಸರಿತ್ತು. ಬರೆಯುವ ಮೇಜುಗಳ ಮೇಲೆ ಆ ಬಟ್ಟೆಯನ್ನು ಹಾಸುತ್ತಿದ್ದರು. ಕಾಲಕ್ರಮದಲ್ಲಿ ಹಾಸಿನ ಹೆಸರು ಮೇಜಿಗೆ ಬಂತು. ಮೇಜಿನ ಹೆಸರು ಅದಿರುವ ಕೋಣೆಗೆ ಬಂತು. ಕೋಣೆಯ ಹೆಸರು ಅಲ್ಲಿ ಕೆಲಸ ಮಾಡುವ ಕಚೇರಿಗೂ ಇಲಾಖೆಗೂ ಬಂತು. 17ನೆಯ ಶತಮಾನದ ಕೊನೆಯ ಭಾಗದಲ್ಲಿ ಈ ಶಬ್ದ ಇಂಗ್ಲಿಷಿಗೆ ದಾಟಿತು.

ಇಂಗ್ಲೆಂಡಿನಲ್ಲಿ ಬ್ಯೂರೋ ಎಂದರೆ ಇಳಿಜಾರಾದ ಹಲಗೆಯನ್ನು ಮುಂದಕ್ಕೆ ತೆರೆದು ಬರೆಯಲು ಅನುವಾಗುವ, ಒಳಗೆ ಸಣ್ಣ ಗೂಡುಗಳೂ ಕೆಳಗೆ ಸೆಳೆಖಾನೆಗಳೂ ಇರುವ ಮೇಜು. ಅಮೆರಿಕದಲ್ಲಿಯೋ, ಮಲಗುವ ಕೋಣೆಯಲ್ಲಿ ಬಟ್ಟೆಯಿಡುವ ಸೆಳೆಖಾನೆಗಳ ಪೆಟ್ಟಿಗೆಗೆ ಆ ಹೆಸರು. ಒಂದೇ ಭಾಷೆಯನ್ನಾಡುವ ಎರಡು ದೇಶಗಳವರು ಒಂದೇ ಶಬ್ದಕ್ಕೆ ಎರಡು ಅರ್ಥ ಹೇಳಿದರೆ ಯಾರೂ ನಗುವುದಿಲ್ಲ. ಎರಡೂ ನಿಘಂಟನ್ನು ಸೇರುತ್ತವೆ.

ಕಚೇರಿಯೆಂಬ ಅರ್ಥದಲ್ಲಿ ಈ ಶಬ್ದ ನಮ್ಮ ದೇಶದಲ್ಲಿಯೂ ಬಳಕೆಯಲ್ಲಿದೆ. 1963ರಲ್ಲಿ ಸ್ಥಾಪಿತವಾದ ಕೇಂದ್ರೀಯ ತನಿಖಾ ದಳದ ಇಂಗ್ಲಿಷು ಹೆಸರಿನ ನಡುವಿನ ಅಕ್ಷರ ಈ ಬ್ಯೂರೋವೇ. ಭಾರತೀಯ ಮಾನಕ ಬ್ಯೂರೋ 1987ರಲ್ಲಿ ಆರಂಭವಾಯಿತು. ಚಿನ್ನದ ಒಡವೆಗಳಿಗೆ ಹಾಲ್‌ಮಾರ್ಕ್ ಗುರುತಿನ ವ್ಯವಸ್ಥೆಯನ್ನು 2000ದಲ್ಲಿ ತಂದದ್ದು ಅದೇ ಸಂಸ್ಥೆ. ಹೀಗೆ ಬೀರುವಿನೊಳಗಿನ ಸರದ ಮೇಲೆ ಬ್ಯೂರೋದ ಮುದ್ರೆಯಿರುವುದೂ ಉಂಟು! ಇದೇ ಶಬ್ದಕ್ಕೆ ಆಳ್ವಿಕೆಯೆಂಬರ್ಥದ ಗ್ರೀಕ್ ಪದವನ್ನು ಸೇರಿಸಿ, 18ನೆಯ ಶತಮಾನದ ಫ್ರಾನ್ಸಿನಲ್ಲಿ ‘ಬ್ಯೂರಾಕ್ರಸಿ’ ಎಂಬ ಮಾತನ್ನು ಕಟ್ಟಿದರು. ಮೇಜುಗಳ ಆಳ್ವಿಕೆ ಎಂಬುದು ಅದರ ಅಕ್ಷರಾರ್ಥ. ಕನ್ನಡದಲ್ಲಿ ನಾವು ಅಧಿಕಾರಶಾಹಿ ಎನ್ನುತ್ತೇವೆ.

ಇನ್ನು ಇದು ‘ಬೀರು’ ಆದ ಬಗೆ. ಬಂದ ಮಾತುಗಳಿಗೆ ಉಕಾರವನ್ನು ಹಚ್ಚಿ ತನ್ನದಾಗಿಸಿಕೊಳ್ಳುವುದು ಕನ್ನಡದ ಸ್ವಭಾವ. ಬಸ್ಸು, ಕಾರು, ಪೆನ್ನುಗಳೇ ಇದಕ್ಕೆ ಸಾಕ್ಷಿ. ‘ಬ್ಯೂ’ ಎಂಬ ತೊಡಕಿನ ಉಚ್ಚಾರ ‘ಬೀ’ ಎಂದು ಸರಳವಾಗಿ, ಕೊನೆಯ ಓಕಾರ ಉಕಾರವಾಯಿತು. ತೆಲುಗಿನವರು ‘ಬೀರುವಾ’ ಎನ್ನುತ್ತಾರೆ, ತಮಿಳಿನವರು ‘ಬೀರೋ’ ಎನ್ನುತ್ತಾರೆ. ಎಲ್ಲರಿಗೂ ಅದು ಬಾಗಿಲಿನ ಕಪಾಟೇ. ನಗೆ ಬೀರುವ, ಸಂಕ್ರಾಂತಿಯಲ್ಲಿ ಎಳ್ಳು ಬೀರುವ ನಮ್ಮ ಹಳೆಯ ಕ್ರಿಯಾಪದದೊಡನೆ ಇದಕ್ಕೆ ನಂಟಿಲ್ಲ. ರೂಪವೊಂದೇ ಹೊರತು ಮೂಲ ಬೇರೆ. ಅರ್ಥ ಬದಲಾಯಿತೆಂದು ಆಕ್ಷೇಪಿಸುವವರು ‘ಕಪಾಟ’ವನ್ನು ನೋಡಬೇಕು, ಸಂಸ್ಕೃತದಲ್ಲಿ ಅದು ಬಾಗಿಲ ಕದ. ಇಂಗ್ಲಿಷಿನ ‘ಕಬರ್ಡ್’ ಕೂಡ ಮೊದಲು ಬಟ್ಟಲುಗಳನ್ನಿಡುವ ಬರಿಯ ಹಲಗೆ. ಹಾಗಾದರೆ ಕೆಟ್ಟ ಮಾತು ಯಾವುದು?

ಆದರೆ ಪ್ರಯೋಗದಲ್ಲಿ ಎಚ್ಚರ ಬೇಕು. “ತಾಯಿ ಸೀರೆಯನ್ನು ಬ್ಯೂರೋದಲ್ಲಿಟ್ಟಳು” ಎಂದು ಇಂಗ್ಲಿಷಿನಲ್ಲಿ ಬರೆದರೆ, ಆಂಗ್ಲ ವಾಚಕನು ಬರೆಯುವ ಮೇಜಿನೊಳಗೆ ಸೀರೆಯನ್ನು ಕಲ್ಪಿಸಿಕೊಂಡಾನು. ಅಲ್ಲಿ ‘ಕಬರ್ಡ್’ ಎನ್ನಬೇಕು. ಬಟ್ಟೆಗೆಂದೇ ಇರುವುದಾದರೆ ‘ವಾರ್ಡ್‌ರೋಬ್’. ಭಾರತದ ಇಂಗ್ಲಿಷಿನಲ್ಲಿ ‘ಅಲ್ಮೇರಾ’ ಸಲ್ಲುತ್ತದೆ. ಅದೂ ಪೋರ್ಚುಗೀಸರ ಕೊಡುಗೆ. ಕನ್ನಡದಲ್ಲಿ ಬರೆಯುವಾಗ ಮಾತ್ರ ಬೀರುವನ್ನು ಬೀರುವೆಂದೇ, ಅಂಜದೆ ಬರೆಯಬಹುದು.

ನಮ್ಮ ಮನೆಯ ಬೀರುವಿನಲ್ಲಿ ಜಮೀನಿನ ಪಹಣಿ, ಪಡಿತರ ಚೀಟಿ, ನನ್ನ ಅಂಕಪಟ್ಟಿಗಳು ಒಂದೇ ಬಟ್ಟೆಯ ಗಂಟಿನಲ್ಲಿವೆ. ಕಚೇರಿಯಿಂದ ಕರೆ ಬಂದರೆ ತಂದೆಯವರು ಆ ಗಂಟನ್ನೇ ಕಂಕುಳಲ್ಲಿಟ್ಟುಕೊಂಡು ಹೊರಡುತ್ತಾರೆ. ಒಂದು ಬ್ಯೂರೋದಿಂದ ತೆಗೆದ ಕಾಗದವನ್ನು ಇನ್ನೊಂದು ಬ್ಯೂರೋದ ಮುಂದೆ ಹಿಡಿದು ನಿಲ್ಲುವುದರಲ್ಲೇ ಅವರ ಎಷ್ಟೋ ದಿನಗಳು ಕಳೆದಿವೆ. ಈ ಶಬ್ದದ ಎರಡು ಅರ್ಥಗಳನ್ನೂ ಅವರು ನಿಘಂಟಿಲ್ಲದೆ ಬಲ್ಲರು. ಮೇಜಿನ ಆಚೆ ಬರೆದಿರುವುದನ್ನು ಓದಿ ಹೇಳುವವರೊಬ್ಬರು ಅವರಿಗೆ ಜೊತೆಗಿರಲಿಲ್ಲ. ಇನ್ನು ಮುಂದೆ ನಾನಿರುತ್ತೇನೆ.

ವಾಚಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಈ ರಜೆಯಲ್ಲಿ ಊರಿಗೆ ಹೋದಾಗ ಹಿರಿಯರ ಬಾಯಲ್ಲಿರುವ ಇಂತಹ ಹತ್ತು ಮಾತುಗಳನ್ನು ಬರೆದುಕೊಂಡು ಬನ್ನಿ. ಗ್ರಂಥಾಲಯದಲ್ಲಿ ಕುಳಿತು ಮೂಲವನ್ನು ಹುಡುಕೋಣ. ತಿದ್ದುವುದಕ್ಕೆ ಮೊದಲು ತಿಳಿಯುವುದು ಲೇಸು.