ನದಿಯ ದಂಡೆಯಲ್ಲಿ ಇಳಿದ ವಿಮಾನದ ಲೆಕ್ಕ

ಉತ್ತರ ಅಮೆರಿಕದ ಅತಿ ಎತ್ತರದ ಶಿಖರ ಡೆನಾಲಿ. ಅದನ್ನು ಹತ್ತಲು ಬರುವವರಲ್ಲಿ ಹೆಚ್ಚಿನವರು ಅಲಾಸ್ಕಾದ ಟಾಲ್ಕೀಟ್ನಾ ಎಂಬ ಪುಟ್ಟ ಊರಿನಲ್ಲಿ ಸಣ್ಣ ವಿಮಾನ ಹತ್ತಿ, ಸುಮಾರು 7,200 ಅಡಿ ಎತ್ತರದ ಕಹಿಲ್ಟ್ನಾ ಹಿಮನದಿಯ ಮೇಲೆ ಇಳಿಯುತ್ತಾರೆ. ಅಲ್ಲಿ ಡಾಂಬರಿನ ರನ್‌ವೇ ಇಲ್ಲ, ನಿಯಂತ್ರಣ ಗೋಪುರವೂ ಇಲ್ಲ. ವಿಮಾನ ಸ್ಕೀಗಳ ಮೇಲೆ ಜಾರಿ ಹಿಮದಲ್ಲೇ ನಿಲ್ಲುತ್ತದೆ.

ಹಾರಾಟ ಮುಗಿಸಿದ ಪೈಲಟ್ ಲಾಗ್‌ಬುಕ್‌ನ ‘ಎಲ್ಲಿಂದ, ಎಲ್ಲಿಗೆ’ ಕಲಮಿನಲ್ಲಿ ಏನು ಬರೆಯಬೇಕು? ವಿಮಾನ ನಿಲ್ದಾಣವಾದರೆ ಚಿಂತೆಯಿಲ್ಲ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣಕ್ಕೆ ‘ವಿಓಬಿಎಲ್’ ಎಂಬ ನಾಲ್ಕಕ್ಷರದ ಸಂಕೇತವಿದೆ, ಅಷ್ಟು ಬರೆದರೆ ಮುಗಿಯಿತು. ವಿಮಾನ ಇಳಿಯುವ ಇಂಥ ಹಿಮನದಿಗೋ, ನದಿಯ ನಡುವಿನ ಜಲ್ಲಿದಿಬ್ಬಕ್ಕೋ ಅಂಥ ಸಂಕೇತ ಎಲ್ಲಿಂದ ಬರಬೇಕು?

ಅಮೆರಿಕದ ವಿಮಾನಯಾನ ನಿಯಮ ಇಲ್ಲಿ ಉದಾರವಾಗಿದೆ. ಲೈಸೆನ್ಸಿಗೆ ಬೇಕಾದ ಅನುಭವ ತೋರಿಸಲು ಬರೆಯುವ ದಾಖಲೆಯಲ್ಲಿ ದಿನಾಂಕ, ಹಾರಾಟದ ಅವಧಿ, ವಿಮಾನದ ಮಾದರಿ ಮತ್ತು ಗುರುತಿನ ಜೊತೆಗೆ, ಹೊರಟ ಮತ್ತು ತಲುಪಿದ ‘ಸ್ಥಳ’ ಇರಬೇಕು ಎನ್ನುತ್ತದೆ. ನಿಲ್ದಾಣವೇ ಆಗಬೇಕೆಂದು ಹೇಳುವುದಿಲ್ಲ.

ಹಾಗೆಂದು ‘ನದಿ ದಂಡೆ’ ಎಂದಷ್ಟೇ ಗೀಚಿದರೆ ಪ್ರಯೋಜನವಿಲ್ಲ. ಖಾಸಗಿ ಪೈಲಟ್ ಲೈಸೆನ್ಸಿಗೆ ಬೇಕಾದ ದೂರದ ಹಾರಾಟ ಎನಿಸಿಕೊಳ್ಳಲು, ವಿಮಾನ ಹೊರಟ ಜಾಗದಿಂದ ನೇರ ಗೆರೆಯಲ್ಲಿ 50 ನಾಟಿಕಲ್ ಮೈಲಿಗಿಂತ, ಅಂದರೆ ಸುಮಾರು 93 ಕಿಲೋಮೀಟರಿಗಿಂತ ಆಚೆ ಇಳಿದಿರಬೇಕು. ಇಳಿದದ್ದು ಎಲ್ಲಿ ಎಂಬುದೇ ಖಚಿತವಿಲ್ಲದಿದ್ದರೆ ಆ ದೂರವನ್ನು ಅಳೆಯುವುದು ಹೇಗೆ?

ಜಿಪಿಎಸ್ ತೋರಿಸುವ ಅಕ್ಷಾಂಶ, ರೇಖಾಂಶ ಬರೆಯುವುದೇ ಭದ್ರವಾದ ದಾರಿ. ಅಕ್ಷಾಂಶದ ಡಿಗ್ರಿಯಲ್ಲಿ ದಶಮಾಂಶದ ನಂತರ ಎರಡು ಅಂಕಿ ಬರೆದರೆ ಒಂದು ಕಿಲೋಮೀಟರಿನಷ್ಟು ಅಂದಾಜು ಸಿಗುತ್ತದೆ. ನಾಲ್ಕು ಅಂಕಿ ಬರೆದರೆ ಹನ್ನೊಂದು ಮೀಟರಿನೊಳಗೆ ಜಾಗ ಸಿಕ್ಕಿಬಿಡುತ್ತದೆ. ಜೊತೆಗೆ ಹತ್ತಿರದ ಊರಿನಿಂದ ಯಾವ ದಿಕ್ಕು, ಎಷ್ಟು ದೂರ ಎಂದೂ ಸೇರಿಸಿದರೆ ಓದುವವರಿಗೆ ನಕ್ಷೆ ಬಿಡಿಸುವ ಮೊದಲೇ ಜಾಗದ ಕಲ್ಪನೆ ಬರುತ್ತದೆ.

ಅಂಕಿಗಳಷ್ಟೇ ಮುಖ್ಯವಾದದ್ದು ಕೊನೆಯ ‘ಷರಾ’ ಕಲಮು. ಜಲ್ಲಿ ದಪ್ಪದೋ ಸಣ್ಣದೋ, ನೆಲ ಮೆತ್ತಗಿತ್ತೇ, ಮರದ ದಿಮ್ಮಿ ಬಿದ್ದಿತ್ತೇ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಎಷ್ಟು ಉದ್ದ ಸಾಕಾಯಿತು ಎಂಬುದೆಲ್ಲ ಅಲ್ಲಿ ಸೇರಬೇಕು. ಒಂದು ಪ್ರವಾಹ ಬಂದರೆ ಜಲ್ಲಿದಿಬ್ಬ ಜಾಗ ಬದಲಿಸುತ್ತದೆ, ಹಿಮನದಿಯಂತೂ ಸದಾ ಸರಿಯುತ್ತಲೇ ಇರುತ್ತದೆ. ಆದ್ದರಿಂದ ಕಳೆದ ವರ್ಷದ ಟಿಪ್ಪಣಿ ಈ ವರ್ಷ ಅಲ್ಲಿ ಇಳಿಯಲು ಪರವಾನಗಿಯಲ್ಲ. ಆದರೆ ಏನು ಬದಲಾಗಿದೆ ಎಂದು ಮೇಲಿನಿಂದಲೇ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಆಧಾರವಿಲ್ಲ. ಗಾಳಿಯ ಆಸರೆ ತಪ್ಪಿ ಹೊಲದಲ್ಲಿ ಇಳಿಯುವ ಗ್ಲೈಡರ್ ಪೈಲಟ್‌ಗಳಿಗೂ ಬಿಸಿಗಾಳಿ ಬಲೂನು ಹಾರಿಸುವವರಿಗೂ ಈ ಮಾತು ಅನ್ವಯಿಸುತ್ತದೆ.

ನಿಲ್ದಾಣದಲ್ಲಿ ಇಳಿದದ್ದಕ್ಕೆ ಬೇರೆ ದಾಖಲೆಗಳೂ ಸಿಗಬಹುದು. ನಿರ್ಜನ ನದಿಪಾತ್ರದಲ್ಲಿ ಇಳಿದದ್ದಕ್ಕೆ ಹಲವು ಸಲ ಪೈಲಟ್ ಬರೆದ ಸಾಲೇ ಸಾಕ್ಷಿ. ಅಮೆರಿಕದಲ್ಲಿ ಲಾಗ್‌ಬುಕ್‌ನಲ್ಲಿ ಬೇಕೆಂದೇ ಸುಳ್ಳು ಬರೆದವರ ಲೈಸೆನ್ಸ್ ಅಮಾನತಾಗಬಹುದು, ರದ್ದೂ ಆಗಬಹುದು.