ಶಾಲೆಯಿಂದ ಮಗ್ಗದ ಮನೆಯವರೆಗೆ

ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ವೈಕಲ್ಯವಿರುವ ಮಕ್ಕಳಿಗೆ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು ಕೊಟ್ಟಿದೆ. ಹದಿನೆಂಟು ತುಂಬಿದ ಮೇಲೆ ಏನು? ಬೌದ್ಧಿಕ ವೈಕಲ್ಯವಿರುವ ಮಕ್ಕಳ ತಂದೆತಾಯಿಯ ನಿದ್ದೆಗೆಡಿಸುವುದು ಈ ಪ್ರಶ್ನೆಯೇ. ಅಲ್ಲಿಂದ ಮುಂದಕ್ಕೆ ಆ ಮಕ್ಕಳ ಕೈಹಿಡಿದು ನಡೆಸುವ, ನಂತರ ಸರಿಯಾದ ಹೊತ್ತಿಗೆ ಕೈಬಿಡುವ ಒಂದು ಕಸುಬಿದೆ. ಅದನ್ನು ಮಾಡುವವರನ್ನು ಜಾಬ್ ಕೋಚ್ ಎನ್ನುತ್ತಾರೆ.

ದೊಡ್ಡಬಳ್ಳಾಪುರದ ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ಕೆಲಸವನ್ನೇ ತೆಗೆದುಕೊಳ್ಳೋಣ. ಲಾಳಿಯೊಳಗೆ ಕೂರುವ ಹೊಕ್ಕಿನ ನೂಲನ್ನು ಕಂಡಿಕೆಗೆ ತುಂಬಬೇಕು. ಬಲ್ಲವರ ಕಣ್ಣಿಗೆ ಇದು ಒಂದೇ ಕೆಲಸ. ಕೋಚ್ ಮೊದಲು ತಾನೇ ಕೂತು ಅದನ್ನು ಮಾಡುತ್ತಾಳೆ, ಮಾಡುತ್ತಲೇ ಬಿಡಿಸುತ್ತಾಳೆ: ಬರಿ ಕಂಡಿಕೆ ಎತ್ತಿಕೊಳ್ಳುವುದು, ಕದಿರಿಗೆ ಸಿಕ್ಕಿಸುವುದು, ನೂಲಿನ ತುದಿ ಹುಡುಕುವುದು, ಎರಡು ಸುತ್ತು ಹಾಕುವುದು, ಮೆಷಿನ್ ಚಾಲೂ ಮಾಡುವುದು, ತುಂಬುವವರೆಗೆ ಕಣ್ಣಿಟ್ಟಿರುವುದು, ನಿಲ್ಲಿಸುವುದು, ನೂಲು ಕತ್ತರಿಸುವುದು, ಕಳಚಿ ಟ್ರೇಗೆ ಹಾಕುವುದು. ಹುಡುಗ ಎಲ್ಲಿ ತಡವರಿಸುತ್ತಾನೋ ಆ ಹೆಜ್ಜೆಯನ್ನು ಮತ್ತೂ ಎರಡಾಗಿ ಒಡೆಯುತ್ತಾಳೆ.

ಕಲಿಸುವಾಗ ಎಷ್ಟೋ ಸಲ ಕೊನೆಯ ಹೆಜ್ಜೆಯೇ ಮೊದಲ ಪಾಠ. ಉಳಿದದ್ದೆಲ್ಲ ಕೋಚ್ ಮಾಡುತ್ತಾಳೆ, ತುಂಬಿದ ಕಂಡಿಕೆಯನ್ನು ಕಳಚಿ ಟ್ರೇಗೆ ಹಾಕುವುದಷ್ಟೇ ಅವನದು. ಅದು ಕೈಗೆ ಹತ್ತಿದ ಮೇಲೆ ಕತ್ತರಿಸುವುದೂ ಅವನದೇ. ಹೀಗೆ ಹಿಂದುಹಿಂದಕ್ಕೆ ಬಂದರೆ ಪ್ರತಿ ಸಲವೂ ಕೆಲಸ ಮುಗಿಯುವುದು ಅವನ ಕೈಯಲ್ಲೇ. ‘ನಿನ್ನಿಂದ ಆಗಲ್ಲ ಬಿಡಪ್ಪ’ ಎಂದು ಕೇಳಿಸಿಕೊಂಡೇ ಬೆಳೆದವನಿಗೆ ಇದು ಸಣ್ಣ ಸಂಗತಿಯಲ್ಲ. ಹತ್ತರವರೆಗೆ ಎಣಿಸಲು ಬಾರದಿದ್ದರೆ ಹತ್ತು ಗುಳಿಗಳಿರುವ ಟ್ರೇ ಕೊಡುತ್ತಾರೆ. ಗುಳಿಗಳೆಲ್ಲ ತುಂಬಿದರೆ ಲೆಕ್ಕ ಸರಿಯಾಯಿತು.

ಈ ವಿದ್ಯೆಗೆ ದೊಡ್ಡ ತಿರುವು ಕೊಟ್ಟವರಲ್ಲಿ ಒಬ್ಬರು ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಗೋಲ್ಡ್. ಏನೂ ಕಲಿಯಲಾರರು ಎಂದು ಬದಿಗಿಟ್ಟವರಿಗೆ ಅವರು 1970ರ ದಶಕದಲ್ಲಿ ಸೈಕಲ್ ಬ್ರೇಕಿನ ಬಿಡಿಭಾಗ ಜೋಡಿಸಲು ಕಲಿಸಿ ತೋರಿಸಿದರು. ಮಾತು ಆದಷ್ಟು ಕಡಿಮೆ. ತಪ್ಪಿದರೆ ‘ಇನ್ನೊಂದು ರೀತಿ ಮಾಡಿ ನೋಡು’ ಎಂದಷ್ಟೇ ಹೇಳುವುದು. ಕಲಿಯದಿದ್ದರೆ ಕಲಿಸುವ ದಾರಿ ಬದಲಾಗಬೇಕು ಎಂಬುದು ಅವರ ನಿಲುವು. ನಮ್ಮಲ್ಲಿ ಇಂಥ ಕಲಿಕೆಗೆ ಬೇಕಾದ ಅಳತೆಪಟ್ಟಿಗಳನ್ನು, ಪಾಠಕ್ರಮವನ್ನು ಸಿಕಂದರಾಬಾದಿನಲ್ಲಿ 1984ರಲ್ಲಿ ಹುಟ್ಟಿದ, ಬೌದ್ಧಿಕ ವೈಕಲ್ಯವಿರುವವರಿಗಾಗಿನ ರಾಷ್ಟ್ರೀಯ ಸಂಸ್ಥೆ ರೂಪಿಸಿತು. ಬೆಂಗಳೂರಿನಲ್ಲಿ 1959ರಲ್ಲಿ ಎನ್.ಎಸ್. ಹೇಮಾ ಕಟ್ಟಿದ ಎಪಿಡಿ ಸಂಸ್ಥೆ ವಿಕಲಚೇತನರಿಗೆ ತೋಟಗಾರಿಕೆಯ ತರಬೇತಿ ಕೊಡುತ್ತಾ ಬಂದಿದೆ. 1999ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ಆರಂಭಿಸಿದ ಎನೇಬಲ್ ಇಂಡಿಯಾ ವಿಕಲಚೇತನರನ್ನು ಕಂಪನಿಗಳ ಒಳಕ್ಕೇ ಕರೆದೊಯ್ದಿತು.

ಎಷ್ಟೋ ಕಡೆ ಈಗಲೂ ಮೇಣದಬತ್ತಿ, ಕಾಗದದ ಕವರ್ ಮಾಡುವುದನ್ನೇ ವರ್ಷಗಟ್ಟಲೆ ಕಲಿಸುತ್ತಾರೆ. ಊರಿನಲ್ಲಿ ಕೊಳ್ಳುವವರಿಲ್ಲದ ವಸ್ತುವಿನ ತರಬೇತಿ ನೌಕರಿಯತ್ತ ಒಯ್ಯುವುದಿಲ್ಲ. ಮೊದಲು ಕೆಲಸದ ಜಾಗ ಹುಡುಕಬೇಕು, ಅಲ್ಲಿ ನಿಂತೇ ಕಲಿಸಬೇಕು. ಆ ಮಟ್ಟಿಗೆ ದೊಡ್ಡಬಳ್ಳಾಪುರವಿರುವ ಈ ಜಿಲ್ಲೆ ಸಿರಿವಂತ ಜಿಲ್ಲೆ. ದೊಡ್ಡಬಳ್ಳಾಪುರದಲ್ಲಿ ಮಗ್ಗಗಳು ಮತ್ತು ಗಾರ್ಮೆಂಟ್ಸ್, ಹೊಸಕೋಟೆ, ನೆಲಮಂಗಲಗಳಲ್ಲಿ ಗೋದಾಮುಗಳು, ಸುತ್ತಲೂ ಹೂವಿನ ಪಾಲಿಹೌಸ್‌ಗಳಿವೆ. ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಮಿಟ್ಟಿ ಕೆಫೆ ಇದೆ. ಅಲೀನಾ ಆಲಂ 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುಮಾಡಿದ ಈ ಕೆಫೆಗಳಲ್ಲಿ ಕಾಫಿ ಕೊಡುವ, ಬಿಲ್ ಮಾಡುವ ಕೆಲಸ ವಿಕಲಚೇತನರದ್ದೇ.

ಕೆಲಸ ಕಲಿತರೆ ಸಾಲದು, ಕೆಲಸದ ಜಾಗ ಮುಟ್ಟಲೂ ಬೇಕು. ಬಸ್ಸಿನ ಪಾಠವನ್ನು ಬಸ್ಸಿನಲ್ಲೇ ಮಾಡಬೇಕಾಗುತ್ತದೆ. ಮೊದಲು ಅಕ್ಕಪಕ್ಕದ ಸೀಟು, ಆಮೇಲೆ ಎರಡು ಸೀಟು ಹಿಂದೆ, ಕೊನೆಗೆ ಹಿಂದಿನ ಬಸ್ಸು. ಗಡಿಯಾರ, ಸಂಬಳದ ಹಣ, ಊಟದ ವಿರಾಮ ಮುಗಿಯಿತೆಂದು ತಿಳಿಯುವುದು, ಅಪರಿಚಿತರು ಕರೆದರೆ ಬರಲ್ಲ ಎನ್ನುವುದು, ಇವೆಲ್ಲ ಹದಿನಾಲ್ಕರ ಹೊತ್ತಿಗೇ ಶಾಲೆಯಲ್ಲಿ ಶುರುವಾಗಬೇಕು. ‘ಅವನು ಒಬ್ಬನೇ ಅಂಗಡಿಗೂ ಹೋಗಿಲ್ಲ ಮೇಡಂ’ ಎನ್ನುವ ತಾಯಿಯ ಭಯಕ್ಕೂ ಕೋಚ್ ಸಮಯ ಕೊಡಬೇಕು.

ನನ್ನ ಪ್ರಕಾರ ಕಸುಬಿನ ಅತ್ಯಂತ ಕಷ್ಟದ ಭಾಗ ಹಿಂದೆ ಸರಿಯುವುದು. ಕೈಮೇಲೆ ಕೈಯಿಟ್ಟು ಮಾಡಿಸಿದ್ದು ಬೆರಳು ತೋರಿಸುವುದಕ್ಕೆ ಇಳಿಯಬೇಕು, ಅದು ಬರಿ ನೋಟಕ್ಕೆ, ನೋಟವೂ ಇಲ್ಲದಿರುವುದಕ್ಕೆ. ಅವಸರಪಟ್ಟರೆ ಹುಡುಗ ಕಂಗಾಲಾಗುತ್ತಾನೆ, ತಡಮಾಡಿದರೆ ಕೋಚ್ ಇಲ್ಲದೆ ಕೈಯಾಡದವನಾಗುತ್ತಾನೆ. ಅಷ್ಟರೊಳಗೆ ಪಕ್ಕದ ಮಗ್ಗದ ಅಣ್ಣನೋ ಅಕ್ಕನೋ ಆ ಜಾಗಕ್ಕೆ ಬಂದಿರಬೇಕು. ನೂಲು ತುಂಡಾದಾಗ ಅವನು ಅವರ ಕಡೆ ತಿರುಗಿದರೆ ಕೋಚ್‌ನ ಕೆಲಸ ಮುಗಿದಂತೆ.

ಮಗ್ಗದ ಮಾಲೀಕರೇ, ಗೋದಾಮಿನ ಮ್ಯಾನೇಜರುಗಳೇ, ನಿಮ್ಮಲ್ಲಿ ದಿನವೂ ಒಂದೇ ಕ್ರಮದಲ್ಲಿ ನಡೆಯುವ ಒಂದು ಕೆಲಸವನ್ನು ಗುರುತಿಸಿ. ಅದಕ್ಕೆ ಉಳಿದವರಿಗೆ ಕೊಡುವಷ್ಟೇ ಕೂಲಿ ಇಡಿ. ಗ್ರಾಮ ಪಂಚಾಯಿತಿಯಲ್ಲಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಯಾವ ಮನೆಯಲ್ಲಿ ಯಾರು ಶಾಲೆ ಮುಗಿಸಿ ಕೂತಿದ್ದಾರೆಂದು ತಿಳಿಸಬೇಕಾದವರು ಅವರೇ.